ನೂರೈವತ್ತು ಮೀಟರಿನ ಸುತ್ತುಗೆರೆ

ನಾನು ಕೆಲಸ ಮಾಡಿದ ನಗರ ಯೋಜನೆಯ ಕಚೇರಿಯಲ್ಲಿ ಊರಿಗೆ ಬಣ್ಣ ಹಚ್ಚುತ್ತಿದ್ದೆವು. ಜನ ವಾಸ ಮಾಡುವ ಕಡೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆಗೆ ಕೆಂಪು, ಪಾರ್ಕಿಗೆ ಹಸಿರು. ಮೂವತ್ತೊಂದು ವರ್ಷ ನಾನು ಮಾಡಿದ್ದು ಇಷ್ಟೇ. ಯೋಜನೆ ಮಾಡುವವರು ಬೇರೆ, ಸಹಿ ಹಾಕುವವರು ಬೇರೆ. ಗೆರೆ ಎಳೆಯುವವನು ನಾನು. ಗೆರೆ ಎಲ್ಲಿ ಹೋಗಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೇರವಾಗಿದೆಯೇ, ಮಸಿ ಹರಡಿಲ್ಲವೇ ಎನ್ನುವುದಷ್ಟೇ ನನ್ನ ಚಿಂತೆ. ಕಂಪ್ಯೂಟರ್ ಬಂದ ಮೇಲೂ ದೊಡ್ಡ ಸಾಹೇಬರ ಮೇಜಿಗೆ ಹೋಗುವ ನಕ್ಷೆಯನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಇದನ್ನು ಹೇಳಿಕೊಳ್ಳುವಾಗ ನನಗೆ ಈಗಲೂ ಜಂಬ ಬರುತ್ತದೆ, ಬಂದರೆ ಬರಲಿ.

ನಿವೃತ್ತಿಯಾಗಿ ಬಸವೇಶ್ವರನಗರದ ಮನೆಯಲ್ಲಿ ಕೂತ ಮೇಲೆ ಆ ಕೈಗೆ ಕೆಲಸ ಇರಲಿಲ್ಲ. ಹೆಂಡತಿ ದಿನಸಿ ಚೀಟಿ ಬರೆಸುತ್ತಿದ್ದಳು, ಅದನ್ನೇ ಅಚ್ಚು ಹೊಡೆದ ಹಾಗೆ ಬರೆದುಕೊಡುತ್ತಿದ್ದೆ. ಹೀಗಿರುವಾಗ ಒಂದು ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು ಮನೆಗೆ ಬಂದು, "ಸಾರ್, ನಿಮ್ಮಿಂದ ಒಂದು ನಕ್ಷೆ ಆಗ್ಬೇಕಿತ್ತು" ಅಂದರು. ಯಾತಕ್ಕೆ, ಏನು ಎಂದು ಕೇಳುವ ಮೊದಲೇ ನಾನು ಒಳಗೊಳಗೆ ಒಪ್ಪಿಬಿಟ್ಟಿದ್ದೆ.

ವಿಷಯ ಇಷ್ಟು. ನಮ್ಮ ಮದುವೆ ಛತ್ರದ ಹಿಂದಿನ ರಸ್ತೆಯಲ್ಲಿ ಹಳೆಯ ಹೆರಿಗೆ ಆಸ್ಪತ್ರೆಯ ಕಟ್ಟಡ ಒಂದಿದೆ. ಆಸ್ಪತ್ರೆ ಮುಚ್ಚಿ ಬಹಳ ಕಾಲವಾಯಿತು. ಅದಕ್ಕೆ ಸುಣ್ಣ ಬಣ್ಣ ಮಾಡಿಸಿ, ಮನೆಯಿಲ್ಲದ ಹೆಂಗಸರು ರಾತ್ರಿ ಮಲಗಲು ತಂಗುದಾಣ ಮಾಡುವುದೆಂದು ತೀರ್ಮಾನವಾಗಿತ್ತು. ಇಪ್ಪತ್ತು ಮಂಚ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹಳೆಯ ಇಲಾಖೆಯಿಂದಲೇ ಒಂದು ಕರಡು ನಿಯಮವೂ ಹೊರಬಿತ್ತು: ವಸತಿ ವಲಯದಲ್ಲಿ ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ ನೂರೈವತ್ತು ಮೀಟರಿನೊಳಗೆ ಇಂಥ ತಂಗುದಾಣ ಇರಕೂಡದು. ಕರಡು ಅಂದಮೇಲೆ ಜನ ಅಭಿಪ್ರಾಯ ಹೇಳಬಹುದು. ವಾರ್ಡ್ ಕಚೇರಿಯಲ್ಲಿ ಒಂದು ದಿನ ಎಲ್ಲರ ಅಹವಾಲು ಕೇಳುತ್ತಾರೆ. ಆ ನಿಯಮ ಪಾಸಾದರೆ ತಂಗುದಾಣ ತಾನಾಗಿ ಬಿದ್ದುಹೋಗುತ್ತದೆ ಎನ್ನುವುದು ಅಧ್ಯಕ್ಷರ ಎಣಿಕೆ.

"ನಮಗೇನು ಅವರ ಮೇಲೆ ಕೋಪ ಇಲ್ಲ ಸಾರ್. ಪಾಪ, ಅವರೂ ಮನುಷ್ಯರೇ. ಆದ್ರೆ ಇದು ರೆಸಿಡೆನ್ಷಿಯಲ್ ಏರಿಯಾ ಅಲ್ವಾ? ಹೆಣ್ಮಕ್ಕಳು ಟ್ಯೂಷನ್ ಮುಗಿಸ್ಕೊಂಡು ಬರ್ತಾರೆ, ವಯಸ್ಸಾದವರು ವಾಕಿಂಗ್ ಹೋಗ್ತಾರೆ. ಉಲ್ಲಾಳದ ಕಡೆ ಮಾಡ್ಲಿ, ಕೆಂಗೇರಿ ಆಚೆ ಮಾಡ್ಲಿ, ಯಾರು ಬೇಡ ಅಂತಾರೆ? ನೀವು ಒಂದೊಂದು ಸ್ಕೂಲಿಗೂ ಒಂದೊಂದು ಸರ್ಕಲ್ ಹಾಕಿ ನಕ್ಷೆ ಬರ್ಕೊಡಿ. ಬಾಯಲ್ಲಿ ಹೇಳಿದ್ರೆ ಯಾರ್ ಸಾರ್ ಕೇಳ್ತಾರೆ?"

ಅಧ್ಯಕ್ಷರು ಕೆಟ್ಟವರೇನಲ್ಲ. ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಾಗ ತಮ್ಮ ಕಾರು ತಂದು, ಆಸ್ಪತ್ರೆಯಲ್ಲಿ ಸಂಜೆಯವರೆಗೂ ಕೂತಿದ್ದವರು. "ಆಗ್ಲಿ" ಅಂದೆ.

ನೆಲದ ಮೇಲೆ ನಡೆಯದೆ ನಕ್ಷೆ ಬರೆಯಬಾರದೆಂಬುದು ನಾನು ಕಲಿತ ಪದ್ಧತಿ. ನಾಲ್ಕು ದಿನ ಬೆಳಗಿನ ಹೊತ್ತು ಪುಸ್ತಕ, ಪೆನ್ಸಿಲ್ ಹಿಡಿದು ಬೀದಿ ಬೀದಿ ತಿರುಗಿದೆ. ಶಾಲೆಗಳು ಸುಲಭವಾಗಿ ಸಿಕ್ಕವು. ಆಸ್ಪತ್ರೆ ಅಂದರೆ ಹಲ್ಲಿನ ಡಾಕ್ಟರೂ ಸೇರುತ್ತಾರೆಯೇ ಎಂದು ಅಧ್ಯಕ್ಷರಿಗೆ ಫೋನ್ ಮಾಡಿ ಕೇಳಿದೆ, ಸೇರಿಸಿ ಅಂದರು. ದೇವಸ್ಥಾನಗಳದ್ದೇ ದೊಡ್ಡ ಪಾಡು. ಗೋಪುರ ಇರುವವು ಐದು. ಅಶ್ವತ್ಥಕಟ್ಟೆಗಳು, ನಾಗರಕಲ್ಲುಗಳು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಗಲೀಜು ಮಾಡಬಾರದೆಂದು ಯಾರೋ ಅಂಟಿಸಿದ ದೇವರ ಟೈಲ್ಸು ಬೇರೆ; ಅದಕ್ಕೀಗ ದಿನಾ ಹೂವು ಬೀಳುತ್ತಿದೆ. "ಅದನ್ನೂ ಹಾಕ್ಲಾ?" ಅಂದದ್ದಕ್ಕೆ ಅಧ್ಯಕ್ಷರು, "ದೇವರು ದೇವರೇ ಅಲ್ವಾ ಸಾರ್" ಅಂದರು. ಹಾಕಿದೆ.

ಊಟದ ಮೇಜಿನ ಮೇಲೆ ಹಾಳೆ ಹಾಸಿ ಕೈವಾರ ತೆಗೆದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮುಳ್ಳು ಊರಿ ಸೀಸವನ್ನು ಒಂದು ಸುತ್ತು ತಿರುಗಿಸಿದರೆ ಕೊನೆ ಬಂದು ಮೊದಲನ್ನು ಕೂದಲೆಳೆಯಷ್ಟೂ ತಪ್ಪದೆ ಮುಟ್ಟಬೇಕು. ಎಲ್ಲವೂ ಮುಟ್ಟಿದವು. ಮೂರನೆಯ ದಿನದ ಹೊತ್ತಿಗೆ ಹಾಳೆ ಇಡ್ಲಿ ತಟ್ಟೆಯ ಹಾಗೆ ಸುತ್ತುಗಳಿಂದ ತುಂಬಿತ್ತು, ಒಂದರ ಮೇಲೊಂದು ಏರಿ ಕೂತಿದ್ದವು. ಹೆರಿಗೆ ಆಸ್ಪತ್ರೆಯ ಕಟ್ಟಡದ ಮೇಲೆ ಏಳು ಸುತ್ತುಗಳು ಹಾದುಹೋಗಿದ್ದವು. ಯಾವ ಸುತ್ತಿಗೂ ಸೇರದ ಜಾಗ ಇಡೀ ಬಡಾವಣೆಯಲ್ಲಿ ಎರಡೇ ಉಳಿದವು: ಮಳೆನೀರು, ಕೊಳೆನೀರು ಹರಿಯುವ ರಾಜಕಾಲುವೆಯ ಒಂದು ತುಂಡು, ಅದರಾಚೆಯ ಸ್ಮಶಾನ. ಕೆಳಗಿನ ಬಲಮೂಲೆಯಲ್ಲಿ ಕಚೇರಿಯ ರೂಢಿಯಂತೆ 'ರಚಿಸಿದವರು' ಎಂದು ಬರೆದು ನನ್ನ ಹೆಸರು ಹಾಕಿದೆ.

ಸಂಘದ ಸಭೆಯಲ್ಲಿ ಅದನ್ನು ಬಿಚ್ಚಿದಾಗ ಜನ ಎದ್ದು ಬಂದು ನೋಡಿದರು. "ಕೈ ಅಂದ್ರೆ ಇದು" ಅಂದರು. ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಎರಡು ದಿನದಲ್ಲಿ ಅದು ಫ್ಲೆಕ್ಸ್ ಆಗಿ, 'ನಮ್ಮ ಬಡಾವಣೆ ಉಳಿಸಿ' ಎಂಬ ತಲೆಬರಹ ಹೊತ್ತು ಪಾರ್ಕಿನ ಗೇಟಿನಲ್ಲಿ ನೇತಾಡಿತು. ಬಣ್ಣ ಸ್ವಲ್ಪ ಹೆಚ್ಚಾಗಿತ್ತು. ನನಗೆ ಬೇಜಾರಾದದ್ದು ಅದೊಂದಕ್ಕೇ.

ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ನಾನು ಟೀ ಕುಡಿಯುವುದು ಛತ್ರದ ಹಿಂಬದಿಯ ಗಾಡಿಯಲ್ಲಿ. ಅಲ್ಲಿ ಕೊಪ್ಪಳದ ಕಡೆಯ ಒಬ್ಬ ಹೆಂಗಸು ಕೂತಿರುತ್ತಿದ್ದಳು. ಐವತ್ತು ದಾಟಿದವಳು, ಅಡುಗೆ ಕಂಟ್ರಾಕ್ಟರುಗಳ ಹತ್ತಿರ ತರಕಾರಿ ಹೆಚ್ಚುವುದು ಅವಳ ಕೆಲಸ. ನನ್ನ ಮಗಳ ಮದುವೆಗೆ ಆ ಛತ್ರದಲ್ಲಿ ಹುಳಿಗೆ ಸೌತೆಕಾಯಿ ಹೆಚ್ಚಿದವಳೂ ಇವಳೇ ಎಂದು ಪರಿಚಯವಾದ ಮೇಲೆ ನಾವು ದಿನಾ ಒಂದೆರಡು ಮಾತಾಡುತ್ತಿದ್ದೆವು. ನನ್ನನ್ನು ಅಣ್ಣಾರ ಅನ್ನುತ್ತಿದ್ದಳು.

ಛತ್ರದ ಅಡುಗೆಯವರ ಬದುಕಿಗೊಂದು ಕ್ರಮವಿದೆ, ಅದು ನನಗೆ ಅವಳಿಂದ ತಿಳಿದದ್ದು. ಮುಹೂರ್ತ ಇರುವ ದಿನಗಳಲ್ಲಿ ಅವರು ಛತ್ರದ ಉಗ್ರಾಣದಲ್ಲೇ, ಹಂಡೆ ಕೊಪ್ಪರಿಗೆಗಳ ನಡುವೆ ಮಲಗುತ್ತಾರೆ. ಇವತ್ತು ಈ ಛತ್ರ, ನಾಳೆ ವಿಜಯನಗರದ್ದು, ನಾಡಿದ್ದು ಮತ್ತೆ ಇಲ್ಲಿ. ಆಷಾಢ ಬಂದರೆ ಮದುವೆ ನಿಲ್ಲುತ್ತವೆ, ಉಗ್ರಾಣಕ್ಕೆ ಬೀಗ ಬೀಳುತ್ತದೆ. ಧನುರ್ಮಾಸದಲ್ಲೂ ಹಾಗೇ. ಊರಲ್ಲಿ ಮನೆಯಿದ್ದವರು ಊರಿಗೆ ಹೋಗುತ್ತಾರೆ. ಇವಳಿಗೆ ಊರಲ್ಲಿ ಯಾರೂ ಉಳಿದಿರಲಿಲ್ಲ. ಅಂದರೆ ಪಂಚಾಂಗ ನೋಡಿ ಇವಳು ಯಾವತ್ತಿನಿಂದ ಬೀದಿಗೆ ಬೀಳುತ್ತಾಳೆಂದು ಹೇಳಿಬಿಡಬಹುದಿತ್ತು.

ಹಿಂದಿನ ಆಷಾಢದಲ್ಲಿ ಹೊಸಹಳ್ಳಿ ಮೆಟ್ರೋ ಮೆಟ್ಟಿಲ ಕೆಳಗೆ ಮಲಗುತ್ತಿದ್ದಳು. ಗಾರ್ಡು ಎಬ್ಬಿಸಿದ ಮೇಲೆ ಹೆಗ್ಗನಹಳ್ಳಿಯಲ್ಲಿ ದೂರದ ನೆಂಟರ ಒಂದೇ ಕೋಣೆಯ ಮನೆ. ಅಲ್ಲಿ ಆಗಲೇ ಆರು ಜನ. ಊರಾಚೆ ತಂಗುದಾಣ ಇಲ್ಲವೇ ಎಂದು ಕೇಳಿದ್ದೆ. ಇತ್ತು, ಎರಡು ರಾತ್ರಿ ಹೋಗಿದ್ದಳಂತೆ. ಆದರೆ ಆಷಾಢದಲ್ಲಿ ಮದುವೆ ಇಲ್ಲದಿದ್ದರೂ ತಿಥಿ, ವೈಕುಂಠ ಸಮಾರಾಧನೆ ನಿಲ್ಲುವುದಿಲ್ಲ. ಕಂಟ್ರಾಕ್ಟರು ನಸುಕಿನ ನಾಲ್ಕಕ್ಕೆ ವ್ಯಾನಿನಲ್ಲಿ ಬಂದು ಈ ಟೀ ಗಾಡಿಯ ಹತ್ತಿರ ಯಾರು ಕೂತಿರುತ್ತಾರೋ ಅವರನ್ನು ಹತ್ತಿಸಿಕೊಂಡು ಹೋಗುತ್ತಾರೆ. ಊರಾಚೆಯಿಂದ ಆ ಹೊತ್ತಿಗೆ ಬಸ್ಸಿಲ್ಲ. ಅಲ್ಲಿ ಮಲಗಿದರೆ ಇಲ್ಲಿ ಕೆಲಸವಿಲ್ಲ.

"ಈ ಆಷಾಢಕ್ಕ ಚಿಂತಿ ಇಲ್ರಿ ಅಣ್ಣಾರ" ಎಂದು ಅವಳು ವೈಶಾಖದಲ್ಲೇ ಹೇಳಿದ್ದಳಂತೆ. ಅಂತೆ ಅನ್ನುತ್ತೇನೆ, ಏಕೆಂದರೆ ನಾನು ಕೇಳಿಸಿಕೊಂಡಿರಲಿಲ್ಲ. ಟೀಯವನು ಆಮೇಲೆ ನೆನಪಿಸಿದ. ಮಾತು ಕಿವಿಗೆ ಬಿದ್ದಿರಬೇಕು, ತಲೆಗೆ ಹೋಗಿರಲಿಲ್ಲ. ನಾನು ಹಾಳೆಯ ಮೇಲೆ ಏಳು ಸುತ್ತು ಎಳೆದ ಕಟ್ಟಡದಲ್ಲಿ ನೆಲ ತೊಳೆಯುವ ಕೆಲಸಕ್ಕೆ ಮೂರು ದಿನ ಹೋಗಿ ಬಂದವಳು ಅವಳು.

ಫ್ಲೆಕ್ಸ್ ಕಟ್ಟಿದ ವಾರವೇ ಒಂದು ಬೆಳಿಗ್ಗೆ ಅವಳು ಅದರ ಮುಂದೆ ನಿಂತಿದ್ದಳು. ನನ್ನನ್ನು ನೋಡಿ ಕರೆದಳು.

"ಇದ್ರಾಗ ನಾವ್ ಎಲ್ಲದೀವಿ ತೋರಿಸ್ರಿ."

ಬೆರಳಿಟ್ಟು ತೋರಿಸಿದೆ. ಇದು ಛತ್ರ, ಇದು ಪಾರ್ಕು, ನಾವಿರುವುದು ಇಲ್ಲಿ, ಅದು ಹೆರಿಗೆ ಆಸ್ಪತ್ರೆ.

"ಈ ಸುತ್ತಿನೊಳಗ ನಾ ಮಕ್ಕೋಬಾರದೇನ್ರಿ?"

"ಹಾಗಲ್ಲಮ್ಮ. ತಂಗುದಾಣ ಇರಬಾರದು ಅಂತ. ಇನ್ನೂ ಪಾಸಾಗಿಲ್ಲ."

"ಹಂಗಾರ ಸುತ್ತಿನ ಹೊರಗ ಯಾವ ಜಾಗಾ ಐತಿ?"

ನಾನು ರಾಜಕಾಲುವೆ ತೋರಿಸಿದೆ. ಆಮೇಲೆ, ಬೇರೆ ದಾರಿಯಿಲ್ಲದೆ, ಸ್ಮಶಾನ ತೋರಿಸಿದೆ.

ಅವಳು ನಕ್ಕಳು. "ಅದು ಎಲ್ಲಾರಿಗೂ ಐತಲ್ರಿ. ನಾ ಈಗ ಎಲ್ಲಿ ಅಂತ ಕೇಳೀನಿ."

ಅವಳಿಗೆ ಸಿಟ್ಟಿರಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. "ಟೀ ಗಾಡಿಯಂವ ಓದಿ ಹೇಳಿದ, ಮೂಲ್ಯಾಗ ನಿಮ್ಮ ಹೆಸರ ಐತೆಂತ. ಅದಕ್ಕ ಕೇಳೀನ್ರಿ. ಗೆರಿ ಹಾಕಿದವರಿಗೆ ಜಾಗಾ ಗೊತ್ತಿರತೈತಿ ಅಂತ ಅನ್ಕೊಂಡೆ" ಅಂದಳು. ಅಷ್ಟು ಹೇಳಿ, ವಿಜಯನಗರದ ಛತ್ರಕ್ಕೆ ಹೋಗುವ ವ್ಯಾನು ಬಂತೆಂದು ಹೊರಟುಹೋದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆ ಹಾಕುತ್ತಿದ್ದವಳು ತಿರುಗದೆಯೇ, "ಕೈ ಚೆನ್ನಾಗಿದೆ ಅಂತ ಹೊಗಳಿದ್ರು, ಬರೆದ್ರಿ. ಯಾರಾದ್ರೂ ಹೊಗಳಿದ್ರೆ ನೀವು ನಮ್ಮ ಮನೆ ಮೇಲೂ ಗೆರೆ ಎಳೀತೀರ" ಅಂದಳು. ಬಾಣಲೆ ಇಳಿಸಿ, "ಅದ್ರಲ್ಲಿ ಪೀಜಿಗಳನ್ನ ಎಲ್ಲಿ ತೋರಿಸಿದೀರಿ?" ಎಂದು ಕೇಳಿದಳು.

ಪೀಜಿಗಳು ನಿಯಮದಲ್ಲಿ ಇರಲಿಲ್ಲ. ನಮ್ಮ ಬೀದಿಯೊಂದರಲ್ಲೇ ಮೂರಿವೆ. ಓದುವ ಹುಡುಗರು, ಊಟ ತಲುಪಿಸುವ ಬೈಕಿನ ಹುಡುಗರು, ಯಾವ ಊರಿನವರೋ ಏನೋ, ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಮಂಚ. ಅವರು ಯಾರೂ ನಮಗೆ ಪರಿಚಯವಿಲ್ಲ, ಬಂದು ಮೂರು ತಿಂಗಳಿಗೆ ಹೋಗುತ್ತಾರೆ. ಅಧ್ಯಕ್ಷರ ಮನೆಯ ಮೇಲಿನ ಎರಡು ಅಂತಸ್ತೂ ಪೀಜಿಯೇ. ಶಾಲೆಯ ಗೇಟಿನಿಂದ ಅದಕ್ಕೆ ಇರುವ ದೂರವನ್ನು ಟೇಪು ಹಿಡಿದು ಅಳೆದೆ: ಎಂಬತ್ತೆರಡು ಮೀಟರ್. ತಿಂಗಳ ಬಾಡಿಗೆ ಕೊಟ್ಟು ಅಪರಿಚಿತರು ಮಲಗಿದರೆ ವಸತಿ ವಲಯಕ್ಕೆ ಏನೂ ಆಗುವುದಿಲ್ಲ, ಕೊಡಲಾರದವರು ಮಲಗಿದರೆ ಅದು ಕೆಡುತ್ತದೆ. ಮೂವತ್ತೊಂದು ವರ್ಷ ಹಳದಿ ಹಚ್ಚಿದವನಿಗೆ ಇದು ಅರವತ್ತಾರನೆಯ ವಯಸ್ಸಿನಲ್ಲಿ, ಅದೂ ಹೆಂಡತಿ ಕೇಳಿದ ಮೇಲೆ ಹೊಳೆಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇನ್ನೊಂದು ಹಾಳೆ ತೆಗೆದು, ಅದೇ ಸುತ್ತುಗಳನ್ನು ಎಳೆದು, ಒಳಗೆ ಪ್ರತಿಯೊಂದು ಪೀಜಿಗೂ ಒಂದು ಚುಕ್ಕೆ ಇಟ್ಟೆ.

ಅಹವಾಲಿನ ದಿನ ಮಾತಾಡಬೇಕೆಂದರೆ ಮೊದಲೇ ಒಂದು ಅರ್ಜಿ ಕೊಡಬೇಕಿತ್ತು. ನನ್ನದನ್ನು ತುಂಬಿದೆ. ಕೊಪ್ಪಳದವಳೂ ಬಂದು ಒಂದು ಮಾತು ಹೇಳಿದರೆ ನನ್ನ ಹತ್ತು ಮಾತಿಗಿಂತ ಮೇಲು ಅನ್ನಿಸಿ ಟೀ ಗಾಡಿಯ ಹತ್ತಿರ ಕೇಳಿದೆ. "ನಂದ್ ಯಾರ್ ಕೇಳ್ತಾರ್ರಿ" ಅಂದಳು. ಕೇಳಲೇಬೇಕು, ಕಾನೂನು ಇದೆ ಅಂದೆ. ಒಪ್ಪಿದಳು, ಒಂದು ಮಧ್ಯಾಹ್ನ ಮನೆಗೆ ಬಂದಳು.

ಹೆಸರು ಬರೆದೆ, ವಯಸ್ಸು ಬರೆದೆ, ಕಸುಬು ಬರೆದೆ. ನಾಲ್ಕನೆಯದು, 'ವಾರ್ಡಿನಲ್ಲಿರುವ ಮನೆ ಸಂಖ್ಯೆ ಮತ್ತು ರಸ್ತೆ'. ಅಹವಾಲು ಹೇಳುವ ಹಕ್ಕು ವಾರ್ಡಿನ ನಿವಾಸಿಗಳಿಗೆ ಮಾತ್ರ.

ಅಲ್ಲಿ ನಾನು ಮಾಡಿದ್ದು ನನ್ನಂಥವನು ಮಾತ್ರ ಮಾಡಬಹುದಾದ ತಪ್ಪು. ಕೆಲಸಕ್ಕೆ ಸೇರಿದ ಮೊದಲ ವಾರ ಹೆಡ್ ಕ್ಲಾರ್ಕ್ ಒಬ್ಬರು ಕಲಿಸಿದ್ದರು: ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು, ಖಾಲಿ ಬಿಟ್ಟ ಕಾಗದ ವಾಪಸು ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ 'ಮನೆ ಇಲ್ಲ' ಎಂದು ಬರೆದು ಜಗಳ ಕಾಯುತ್ತಿದ್ದರು. ನಾನು ನಮ್ಮ ಮನೆಯ ನಂಬರು ಬರೆದೆ.

"ಏನ್ ಬರದ್ರಿ?"

"ನಮ್ಮ ಮನೆ ವಿಳಾಸ. ಅದಿಲ್ದೆ ತಗೊಳ್ಳಲ್ಲ."

"ಹಂಗಾರ ನಾ ನಿಮ್ಮ ಮನ್ಯಾಗ ಅದೀನೇನ್ರಿ?"

"ಕಾಗದದಲ್ಲಿ ಅಷ್ಟೇ."

ಅವಳಿಗೆ ತಮಾಷೆ ಅನ್ನಿಸಿತು. ನನ್ನ ಹೆಂಡತಿಗೂ ನಗು ಬಂತು. ಕೊಪ್ಪಳದವಳು ಹೆಬ್ಬೆಟ್ಟು ಒತ್ತಿದಳು, ನಾನು ಎರಡು ಪ್ರತಿ ಮಾಡಿಸಿ ಕಚೇರಿಗೆ ಕೊಟ್ಟುಬಂದೆ.

ಅಹವಾಲು ನಡೆದದ್ದು ವಾರ್ಡ್ ಕಚೇರಿಯ ಮೇಲಂತಸ್ತಿನಲ್ಲಿ. ಕುರ್ಚಿಗಳು ಸಾಲದೆ ಅರ್ಧ ಜನ ನಿಂತಿದ್ದರು. ಕೇಳಿಸಿಕೊಳ್ಳಲು ಬಂದ ಅಧಿಕಾರಿ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು; ಮುಖದಲ್ಲಿ ಏನನ್ನೂ ತೋರಿಸದೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಅಧ್ಯಕ್ಷರು ಫ್ಲೆಕ್ಸ್ ಬಿಚ್ಚಿಸಿ ಗೋಡೆಗೆ ಹಿಡಿಸಿ, ಚೆನ್ನಾಗಿಯೇ ಮಾತಾಡಿದರು. "ನಮ್ಮ ಹಿರಿಯರೊಬ್ಬರು, ಇದೇ ಇಲಾಖೆಯಲ್ಲಿ ದುಡಿದವರು, ಅಳೆದು ಬರೆದ ನಕ್ಷೆ ಇದು" ಅಂದರು. ಜನ ನನ್ನ ಕಡೆ ತಿರುಗಿ ಮೆಚ್ಚಿಗೆಯಿಂದ ನೋಡಿದರು.

ಅಧಿಕಾರಿ ನನ್ನ ಹೆಸರು ಕರೆದಾಗ ಎದ್ದೆ. ಕಚೇರಿಯಲ್ಲಿ ನಾನು ಎಂದೂ ಎದ್ದು ಮಾತಾಡಿದವನಲ್ಲ.

"ಈ ನಕ್ಷೆ ನಿಮ್ಮದೇನಾ?"

"ನಂದೇ."

"ಇದ್ರಲ್ಲಿ ಏನಾದ್ರೂ ತಪ್ಪಿದೆಯಾ?"

"ನಕ್ಷೆ ಸರಿ ಇದೆ ಮೇಡಂ. ನಿಯಮ ಸರಿ ಇಲ್ಲ."

ಅಧ್ಯಕ್ಷರು, "ಸಾರ್, ನೀವು ನಮ್ಮ ಕಡೆಯವರು" ಎಂದು ಮೆಲ್ಲಗೆ ಅಂದರು, ನಾನೇನೋ ಮರೆತಿದ್ದೇನೆ ಎನ್ನುವ ಹಾಗೆ. ನಾನು ಎರಡನೆಯ ಹಾಳೆ ತೆಗೆದು ಮೇಜಿನ ಮೇಲೆ ಹಾಸಿದೆ. ಇಷ್ಟು ಸುತ್ತು ಹಾಕಿದರೆ ಈ ಬಡಾವಣೆಯಲ್ಲಿ ಕಾಲುವೆ, ಸ್ಮಶಾನ ಬಿಟ್ಟು ಬೇರೆಲ್ಲೂ ತಂಗುದಾಣ ಮಾಡಲಾಗದು, ಅಂದರೆ ಇದು ಜಾಗ ನಿಗದಿ ಮಾಡುವ ನಿಯಮವಲ್ಲ, ಜಾಗ ಕೊಡದಿರುವ ನಿಯಮ ಅಂದೆ. ಚುಕ್ಕೆಗಳನ್ನು ತೋರಿಸಿದೆ. ಅವರ ಮನೆಯ ಚುಕ್ಕೆಯ ಹತ್ತಿರ ಬಂದಾಗ ಅಧ್ಯಕ್ಷರ ಮುಖ ನೋಡಲಿಲ್ಲ. ಆದರೆ ಎಂಬತ್ತೆರಡು ಮೀಟರ್ ಎಂಬುದನ್ನು ಬಿಡದೆ ಹೇಳಿದೆ. ಹಿಂದಿನಿಂದ ಯಾರೋ, "ಇವರಿಗೇನ್ ಬಂತು ಗುರು?" ಅಂದದ್ದು ಕೇಳಿಸಿತು.

ಆಮೇಲೆ ಅವಳ ಸರದಿ. ಮೈಕು ಬೇಡ ಅಂದಳು.

"ನಾ ಇಲ್ಲೇ ಹನ್ನೊಂದ್ ವರ್ಷ ಅದೀನ್ರಿ. ಇಲ್ಲಿ ಕುಂತವರ ಮನಿ ಮದುವಿಗೆಲ್ಲಾ ಕಾಯಿಪಲ್ಲೆ ಹೆಚ್ಚೀನಿ. ಮದುವಿ ದಿನ ಛತ್ರದಾಗ ಮಕ್ಕೊಂಡ್ರ ಯಾರಿಗೂ ಅಂಜಿಕಿ ಇಲ್ಲ. ನಿಮ್ಮ ಬಂಗಾರ ಎಲ್ಲಾ ಮ್ಯಾಲಿನ ಖೋಲ್ಯಾಗ ಇರತಾವ, ನಾವ್ ಕೆಳಗ ಇರ್ತೀವಿ. ಆಷಾಢ ಬಂದ ಕೂಡ್ಲೇ ನಾ ಬ್ಯಾರೆ ಮಂದಿ ಆಗ್ತೀನೇನ್ರಿ?"

ಅಧಿಕಾರಿ ಅದನ್ನೂ ಬರೆದುಕೊಂಡಳು.

ಮೂರು ವಾರ ಬಿಟ್ಟು ನಿಯಮ ಹೊರಬಂದಾಗ ಆ ನೂರೈವತ್ತು ಮೀಟರಿನ ಸಾಲು ಅದರಲ್ಲಿ ಇರಲಿಲ್ಲ. ನಮ್ಮಿಂದಲೇ ಹೋಯಿತು ಎಂದು ಹೇಳುವಷ್ಟು ನಾನು ಮೂರ್ಖನಲ್ಲ. ಬೇರೆ ವಾರ್ಡುಗಳಲ್ಲೂ ಜನ ಮಾತಾಡಿದ್ದರು. ಅಧ್ಯಕ್ಷರು ಎದುರಿಗೆ ಸಿಕ್ಕರೆ ಈಗಲೂ ನಮಸ್ಕಾರ ಅನ್ನುತ್ತಾರೆ, ನಿಲ್ಲುವುದಿಲ್ಲ. ಅದು ನನಗೆ ನೋವೇ. ಅವರ ಜೊತೆ ಕಾಫಿಗೆ ಹೋಗುವುದು ನನಗೆ ಇಷ್ಟವಿತ್ತು.

ಆಷಾಢ ಹುಟ್ಟಿ ಐದು ದಿನಕ್ಕೆ ತಂಗುದಾಣ ತೆರೆಯಿತು. ಆ ಐದು ದಿನ ಅವಳು ಮೆಟ್ರೋ ಕಂಬದ ಬುಡದಲ್ಲಿ ಕಳೆದಿದ್ದಳು. ಮಳೆ ಹಿಡಿದುಕೊಂಡು, ಗಂಟು ನೆನೆದು, ಕೆಮ್ಮು ಶುರುವಾಗಿತ್ತು. ತೆರೆದ ದಿನ ಸಂಜೆ ಹೋದವಳನ್ನು ವಾಪಸು ಕಳಿಸಿದರು. ಮರುದಿನ ಬೆಳಿಗ್ಗೆ ಟೀ ಗಾಡಿಯ ಹತ್ತಿರ ನನಗಾಗಿ ಕಾಯುತ್ತಿದ್ದಳು.

"ನಂಗ ಮನಿ ಐತೆಂತ್ರಿ ಅಣ್ಣಾರ. ಅವರ ಬುಕ್ಕಿನ್ಯಾಗ ಐತೆಂತ. ಮನಿ ಇದ್ದವರಿಗೆ ಮಂಚ ಇಲ್ಲಂತ."

ನಾನು ಅಲ್ಲಿಂದಲೇ ಹೋದೆ. ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಅವಳ ತಪ್ಪೇನೂ ಇರಲಿಲ್ಲ. ಮಂಚ ಕೇಳಿ ಬಂದವರಿಗೆ ಮನೆ ಇದೆಯೇ ಎಂದು ತಾಳೆ ನೋಡಲು ವಾರ್ಡ್ ಕಚೇರಿಯವರು ಅಹವಾಲಿಗೆ ಬಂದಿದ್ದವರ ಪಟ್ಟಿಯನ್ನು ಅವಳಿಗೆ ಕಳಿಸಿದ್ದರು. ಅದರಲ್ಲಿ ಇವಳ ಹೆಸರಿನ ಮುಂದೆ ನಮ್ಮ ಮನೆಯ ನಂಬರು, ನಮ್ಮ ರಸ್ತೆ, ಗುಂಡಗೆ, ಸ್ಪಷ್ಟವಾಗಿ. ಮೇಲ್ವಿಚಾರಕಿ ಹೇಳಿದಳು: ಮನೆಯ ಯಜಮಾನರು ಒಂದು ಪತ್ರ ಬರೆದುಕೊಟ್ಟರೆ ಸಾಕು ಸಾರ್. ಮಾದರಿ ಇದೆ, ಇದೇ ರೀತಿ ಬರಬೇಕು.

ಮಾದರಿಯಲ್ಲಿ ಎರಡೇ ವಾಕ್ಯ. 'ಸದರಿ ಮಹಿಳೆ ನಮ್ಮ ಮನೆಯಲ್ಲಿ ವಾಸವಾಗಿರುವುದಿಲ್ಲ. ನಮ್ಮ ಮನೆಯಲ್ಲಿ ಇವರಿಗೆ ಸ್ಥಳಾವಕಾಶ ಇರುವುದಿಲ್ಲ.'

ಊಟದ ಮೇಜಿನಲ್ಲಿ ಕೂತು ಬರೆದೆ. ಮೊದಲನೆಯ ವಾಕ್ಯ ಸಲೀಸಾಗಿ ಬಂತು. ಹೆಂಡತಿ ಹಿಂದೆ ನಿಂತು ಮಾದರಿ ಓದಿದಳು.

"ಎರಡನೇದೂ ಬರೀಬೇಕಾ?"

"ಹಾಗೇ ಬರಬೇಕಂತೆ."

ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿದಳು. ಮೇಲೆ ಒಂದು ಕೋಣೆ ಇದೆ. ಮಗಳು ಮದುವೆಯಾಗಿ ಹೋದ ಮೇಲೆ ಅಲ್ಲಿ ಯಾರೂ ಮಲಗುವುದಿಲ್ಲ. ಮಂಚ ಇದೆ, ಫ್ಯಾನ್ ಇದೆ, ಸಣ್ಣ ಬಚ್ಚಲೂ ಇದೆ. ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ: ಅವಳಿಗೆ ಮಂಚ ಸಿಗಬೇಕು ಎಂದು ನಾಲ್ಕು ಜನರ ಮುಂದೆ ಎದ್ದು ನಿಂತವನು ನಾನು, ಆ ಮಂಚ ನಮ್ಮ ಮನೆಯದಾಗುವುದು ನನಗೆ ಬೇಡವಾಗಿತ್ತು. ಯಾಕೆ ಬೇಡ ಎಂದು ಕೇಳಿದರೆ ಅಧ್ಯಕ್ಷರು ಹೇಳಿದ್ದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇರಲಿಲ್ಲ. ಬರೆದು ಸಹಿ ಹಾಕಿದೆ.

ಅವಳು ಗೇಟಿನ ಹತ್ತಿರ ನಿಂತಿದ್ದಳು. "ಏನೈತ್ರಿ, ಓದಿ ಹೇಳ್ರಿ" ಅಂದಳು. ನಾನು ಮೊದಲನೆಯ ವಾಕ್ಯ ಓದಿ ಕಾಗದ ಮಡಿಸಿದೆ. "ಅಷ್ಟ ಏನ್ರಿ?" ಅಂದಳು. "ಅಷ್ಟೇ" ಅಂದೆ.

ಇಬ್ಬರೂ ಹೋದೆವು. ಮೇಲ್ವಿಚಾರಕಿ ಕಾಗದ ಬಿಚ್ಚಿ, ಕಚೇರಿಯವರ ಅಭ್ಯಾಸದಂತೆ ಗಟ್ಟಿಯಾಗಿ ಓದಿದಳು. ಎರಡನೆಯದನ್ನೂ ಓದಿದಳು. ನಾನು ಗೋಡೆಗೆ ಹೊಸದಾಗಿ ಬಳಿದ ಬಣ್ಣ ನೋಡುತ್ತಾ ನಿಂತೆ.

"ನಿಜಾನೇನಮ್ಮ? ಇವ್ರ ಮನೇಲಿ ಜಾಗ ಇಲ್ವಾ?" ಎಂದು ಮೇಲ್ವಿಚಾರಕಿ ಅವಳನ್ನೇ ಕೇಳಿದಳು. ಬಹುಶಃ ಕೇಳಲೇಬೇಕೆಂಬ ನಿಯಮವಿರಬಹುದು.

ಅವಳು ಅರ್ಜಿ ತುಂಬಿಸಿಕೊಳ್ಳಲು ನಮ್ಮ ಮನೆಗೆ ಬಂದ ಆ ಮಧ್ಯಾಹ್ನ ಮಳೆ ಹನಿದಿತ್ತು. ತಾರಸಿಯ ಮೇಲೆ ಒಣಹಾಕಿದ್ದ ಹಪ್ಪಳವನ್ನು ಎತ್ತಿ ಮೇಲಿನ ಕೋಣೆಯ ಮಂಚದ ಮೇಲೆ ಹರವಿ ಬಂದವಳು ಇವಳೇ. ನನ್ನ ಹೆಂಡತಿ ಕಳಿಸಿದ್ದಳು.

ಈಗ ಅವಳು ನನ್ನ ಕಡೆ ನೋಡಲಿಲ್ಲ. "ಹೌದ್ರಿ ಅಕ್ಕಾರ, ಜಾ‌ಗಾ ಇಲ್ರಿ ಅವರ ಮನ್ಯಾಗ" ಅಂದಳು. "ನಾ ನೋಡೀನಿ."

ಮೇಲ್ವಿಚಾರಕಿ ಸರಿ ಎಂದು ಕಾಗದವನ್ನು ಫೈಲಿಗೆ ಸೇರಿಸಿ, ಹನ್ನೆರಡನೆಯ ಮಂಚ ಎಂದು ಬರೆದುಕೊಂಡಳು.